ಓರ್ಕ್ ಕಿಟ್‌ಬ್ಯಾಶ್‌ನಲ್ಲಿ ಯಾವ ಗನ್ ಯಾವುದು ಅಂತ ಎದುರಿಗಿರುವವರಿಗೆ ತಿಳಿಯುವ ಹಾಗೆ ಮಾಡೋದು ಹೇಗೆ?

ತುಕ್ಕು_ಕೊಡಲಿ:

ಎಲ್ಲರಿಗೂ ನಮಸ್ಕಾರ. ಸಣ್ಣ ಗೊಂಬೆಗಳಿಂದ ಮೇಜಿನ ಮೇಲೆ ಆಡುವ ಯುದ್ಧದ ಆಟ ವಾರ್‌ಹ್ಯಾಮರ್ 40,000ಕ್ಕೆ ಓರ್ಕ್ ಸೈನ್ಯ ಕಟ್ಟೋಕೆ ಶುರು ಮಾಡಿದ್ದೇನೆ. ಬೆಂಗಳೂರಿನಲ್ಲಿ ನಮ್ಮದೊಂದು ಸಣ್ಣ ಗುಂಪು ಇದೆ, ರಜಾ ದಿನ ಯಾರದ್ದಾದರೂ ಮನೆಯಲ್ಲಿ ಸೇರಿ ಆಡುತ್ತೇವೆ. ಬಾಯ್ಜ್, ಅಂದರೆ ಓರ್ಕ್‌ಗಳ ಸಾದಾ ಕಾಲಾಳುಗಳ ಪೆಟ್ಟಿಗೆಗಳು ಬಂದಿವೆ. ಜೊತೆಗೆ ಗೆಳೆಯರು ಕೊಟ್ಟ ಸ್ಪೇಸ್ ಮರೀನ್ ಅನ್ನೋ ಇನ್ನೊಂದು ಸೈನ್ಯದ ಬಿಟ್ಸ್ (ಬಿಡಿ ಭಾಗಗಳು) ಒಂದು ಡಬ್ಬಿ ತುಂಬ ಇದೆ, ಹಳೆಯ ಗಿಟಾರ್ ತಂತಿ, ಪೆನ್ ರೀಫಿಲ್, ಕೆಟ್ಟ ಗಡಿಯಾರದ ಚಕ್ರ ಇಂಥದ್ದೆಲ್ಲ ಕೂಡಿಟ್ಟಿದ್ದೇನೆ. ಓರ್ಕ್‌ಗಳ ಮಜಾನೇ ಅದು ಅಲ್ವಾ, ಸಿಕ್ಕಿದ್ದನ್ನು ಜೋಡಿಸಿ ಗನ್ ಮಾಡಿಕೊಳ್ಳುವ ಜನ ಅವರು. ಪೆಟ್ಟಿಗೆಯಲ್ಲಿ ಬಂದ ಹಾಗೇ ಅಂಟಿಸಿಬಿಡೋಕೆ ನನಗೆ ಮನಸ್ಸಿಲ್ಲ, ಬೇರೆ ಬೇರೆ ಕಿಟ್‌ಗಳ ಭಾಗ ಬೆರೆಸಿ ಕಿಟ್‌ಬ್ಯಾಶ್ ಮಾಡಬೇಕು.

ತೊಂದರೆ ಇರೋದೂ ಅಲ್ಲೇ. ಎಲ್ಲಾ ಗನ್ನೂ ಗುಜರಿಯಿಂದಲೇ ಆದರೆ ಕೊನೆಗೆ ಎಲ್ಲಾ ಒಂದೇ ತರ ಕಾಣುತ್ತದೆ. ಬಾಯ್ಜ್ ಗುಂಪಿನಲ್ಲಿ ಹತ್ತು ಜನಕ್ಕೆ ಒಬ್ಬನ ಕೈಗೆ ಬಿಗ್ ಶೂಟಾ ಇಲ್ಲವೇ ರಾಕಿಟ್ ಲಾಂಚಾ ಕೊಡಬಹುದು. ಬಿಗ್ ಶೂಟಾ 36 ಇಂಚು ಹೊಡೆಯುತ್ತದೆ, ಕಾಲಾಳುಗಳ ಮೇಲೆ ಒಳ್ಳೆಯದು. ರಾಕಿಟ್ 24 ಇಂಚು, ಅದು ಟ್ಯಾಂಕಿಗೆ. ಎದುರಿಗೆ ಆಡುವವರು ತಮ್ಮ ಟ್ಯಾಂಕ್ ಎಲ್ಲಿ ನಿಲ್ಲಿಸಬೇಕು ಅಂತ ಯೋಚಿಸುವಾಗ ನನ್ನ ಗುಂಪಿನಲ್ಲಿ ರಾಕಿಟ್ ಇದೆಯಾ ಇಲ್ವಾ ಅನ್ನೋದು ಅವರಿಗೆ ಗೊತ್ತಿರಬೇಕು. ಪ್ರತಿ ಸುತ್ತಿನಲ್ಲೂ "ಇವನ ಕೈಯಲ್ಲಿ ಏನಿದೆ?" ಅಂತ ಕೇಳಿಸಿಕೊಂಡು ಆಡೋದು ನನಗೆ ಇಷ್ಟವಿಲ್ಲ, ಅದು ಅವರಿಗೂ ಅನ್ಯಾಯ.

ಹಾಗಾಗಿ ಕತ್ತರಿಸೋಕೆ ಮುಂಚೆ ಕೇಳುತ್ತಿದ್ದೇನೆ. ಕೈಯಲ್ಲಿ ಕಂಡಿದ್ದೇ ಆಟದಲ್ಲಿ ಲೆಕ್ಕ ಅನ್ನೋ ವಿಸಿವಿಗ್ ನಿಯಮವನ್ನು ಕಿಟ್‌ಬ್ಯಾಶ್‌ನಲ್ಲಿ ನೀವೆಲ್ಲ ಹೇಗೆ ಕಾಪಾಡಿಕೊಳ್ಳುತ್ತೀರಿ? ಆಕಾರದಲ್ಲೇ ತೋರಿಸಬೇಕಾ, ಬಣ್ಣ ಸಾಕಾ? ಮರೀನ್ ಗನ್‌ಗಳನ್ನು ಓರ್ಕ್ ಕೈಗೆ ಕೊಟ್ಟರೆ ಗೊಂದಲ ಆಗುತ್ತಾ?

ಮೆಕ್_ಮಾಮ:

ಒಳ್ಳೆ ಪ್ರಶ್ನೆ, ಮತ್ತೆ ಸರಿಯಾದ ಹೊತ್ತಿಗೆ ಕೇಳಿದ್ದೀರಿ. ನನ್ನ ಮಟ್ಟಿಗೆ ಆಕಾರವೇ ಮೊದಲು, ಬಣ್ಣ ಆಮೇಲೆ, ಸಣ್ಣ ಕೆತ್ತನೆ ಕೆಲಸ ಕೊನೆಗೆ. ಯಾಕೆ ಅಂತ ಹೇಳುತ್ತೇನೆ.

ನೀವು ಗೊಂಬೆಯನ್ನು ಕೈಯಲ್ಲಿ ಹಿಡಿದು ದೀಪದ ಕೆಳಗೆ ಒಂದು ಗೇಣು ದೂರದಿಂದ ನೋಡುತ್ತೀರಿ. ಎದುರಿಗಿರುವವರು ನೋಡೋದು ಹಾಗಲ್ಲ. 2000 ಪಾಯಿಂಟ್ (ಸೈನ್ಯದ ಗಾತ್ರದ ಲೆಕ್ಕ) ಆಟಕ್ಕೆ ಮೇಜು 44 ಇಂಚು ಅಗಲ, 60 ಇಂಚು ಉದ್ದ. ಆಚೆ ಬದಿಯಲ್ಲಿ ನಿಂತವರಿಗೆ ನಿಮ್ಮ ಓರ್ಕ್ ಮೂರು ನಾಲ್ಕು ಅಡಿ ದೂರದಲ್ಲಿ ಇರುತ್ತಾನೆ, ಅದೂ ಮೇಲಿನಿಂದ ಓರೆಯಾಗಿ ಕಾಣುತ್ತಾನೆ. ಅವರ ಕಣ್ಣಿಗೆ ಬೀಳೋದು ತಲೆ, ಭುಜ, ಗನ್‌ನ ಮೇಲ್ಭಾಗ, ನಳಿಗೆಯ ತುದಿ ಅಷ್ಟೇ. ಟ್ರಿಗರ್ ಹತ್ತಿರ ನೀವು ಎಷ್ಟು ಚೆನ್ನಾಗಿ ಬೋಲ್ಟು ನಟ್ಟು ಕೂರಿಸಿದ್ದರೂ ಅದು ಅವರಿಗೆ ಇಲ್ಲ. ಎದೆಗೆ ಅವುಚಿ ಹಿಡಿದ ಗನ್ ಮೇಲಿನಿಂದ ನೋಡಿದರೆ ಭುಜದ ಕೆಳಗೆ ಮುಚ್ಚಿಹೋಗುತ್ತದೆ. ಅದಕ್ಕೇ ವಿಶೇಷ ಆಯುಧ ಇರುವವನ ಕೈ ಎತ್ತಿಸಿ, ಇಲ್ಲವೇ ಗನ್ ದೇಹದಿಂದ ಹೊರಗೆ ಚಾಚಿಕೊಂಡಿರಲಿ. ರಾಕಿಟ್ ಹಿಡಿದವನು ಅದನ್ನು ಭುಜದ ಮೇಲೆ ಇಟ್ಟುಕೊಳ್ಳಲಿ, ರಾಕೆಟ್ಟಿನ ದಪ್ಪ ತಲೆ ಅವನ ತಲೆಗಿಂತ ಮೇಲೆ ಬರಲಿ. ಬಿಗ್ ಶೂಟಾದ ನಳಿಗೆ ಗೊಂಬೆ ನಿಂತಿರುವ 32 ಮಿ.ಮೀ. ಬೇಸ್‌ನ ಅಂಚು ದಾಟಿ ಮುಂದಕ್ಕೆ ಹೋಗಲಿ, ಪಕ್ಕದಲ್ಲಿ ದೊಡ್ಡ ಡ್ರಮ್ಮೋ ಗುಂಡಿನ ಬೆಲ್ಟೋ ಎದ್ದು ಕಾಣಲಿ. ಸಾದಾ ಶೂಟಾ ಮೊಂಡಾಗಿ, ಗಿಡ್ಡಗೆ, ದೇಹದ ಹತ್ತಿರ ಇರಲಿ. ಸಾದಾ ಇರೋದು ಸಾದಾ ಆಗೇ ಇದ್ದರೆ ಮಾತ್ರ ವಿಶೇಷ ಆಗಿರೋದು ಕಣ್ಣಿಗೆ ಬೀಳುತ್ತದೆ. ಹೊಸಬರು ಎಲ್ಲಾ ಹತ್ತು ಓರ್ಕ್‌ಗಳ ಗನ್‌ನ್ನೂ ದೊಡ್ಡದು ಮಾಡಿಬಿಡುತ್ತಾರೆ, ಆಮೇಲೆ ಯಾವ ಗನ್ನೂ ದೊಡ್ಡದು ಅನ್ನಿಸೋದಿಲ್ಲ.

ಎರಡನೇ ಮಾತು. ಪ್ರತಿ ಆಯುಧಕ್ಕೆ ಒಂದು ಗುರುತು ಅಂತ ಇಟ್ಟುಕೊಳ್ಳಿ, ಸೈನ್ಯ ಪೂರ್ತಿ ಅದನ್ನು ಬಿಡಬೇಡಿ. ರಾಕಿಟ್‌ಗಳು ಒಂದೊಂದೂ ಬೇರೆ ಬೇರೆ ತರ ಇರಲಿ, ಒಂದಕ್ಕೆ ರೀಫಿಲ್ ನಳಿಗೆ, ಇನ್ನೊಂದಕ್ಕೆ ಇಂಜೆಕ್ಷನ್ ಸೂಜಿಯ ಕೊಳವೆ. ಆದರೆ ಚೂಪಾದ ದಪ್ಪ ತಲೆ ಎಲ್ಲದಕ್ಕೂ ಇರಲೇಬೇಕು, ಆ ತಲೆ ಬೇರೆ ಯಾವ ಗನ್‌ಗೂ ಇರಬಾರದು. ಈ ಎರಡನೇ ಅರ್ಧವನ್ನು ಜನ ಮರೆಯುತ್ತಾರೆ. ಚೆನ್ನಾಗಿ ಕಾಣುತ್ತೆ ಅಂತ ಸುಮ್ನೆ ಬೆನ್ನಿಗೆ ಎರಡು ರಾಕೆಟ್ ಕಟ್ಟಿದರೆ ಅಲ್ಲಿಗೆ ಗುರುತು ಹಾಳಾಯಿತು. ಅಲಂಕಾರ ಬೇಕು ಅಂದರೆ ಪಾತ್ರೆ, ತಲೆಬುರುಡೆ, ಚೀಲ, ಹಲ್ಲು, ಸ್ಟಿಕ್‌ಬಾಂಬ್ ಹಾಕಿ, ಬೇಕಾದಷ್ಟು ಇದೆ.

ಮರೀನ್ ಗನ್‌ಗಳ ವಿಷಯ. ಖಂಡಿತ ಬಳಸಿ, ಆದರೆ ಕೆಲಸ ಹೊಂದುವ ಹಾಗೆ ಬಳಸಿ. ಮರೀನ್‌ಗಳ ಹೆವಿ ಬೋಲ್ಟರ್ 36 ಇಂಚು, ಸ್ಟ್ರೆಂತ್ (ಹೊಡೆತದ ಬಲ) 5. ಬಿಗ್ ಶೂಟಾ ಕೂಡ 36 ಇಂಚು, ಸ್ಟ್ರೆಂತ್ 5. ಹಾಗಾಗಿ ಹೆವಿ ಬೋಲ್ಟರ್‌ಗೆ ತಗಡು ಹೊಡೆದು, ನಳಿಗೆ ಕೊಯ್ದು ಬಿಗ್ ಶೂಟಾ ಮಾಡಿದರೆ ನೋಡಿದವರ ಊಹೆ ಸರಿಯಾಗೇ ಇರುತ್ತದೆ. ಪ್ಲಾಸ್ಮಾ ಗನ್‌ನ ಮೇಲಿನ ಸುರುಳಿಗಳನ್ನು ಓರ್ಕ್‌ಗಳ ಕಸ್ಟಮ್ ಮೆಗಾ-ಬ್ಲಾಸ್ಟಾಗೆ ಹಾಕಿ, ಎರಡೂ ಹೊಳೆಯುವ ಗನ್, ಎರಡೂ ಹೊಡೆದವನನ್ನೇ ಸುಡಬಹುದಾದ ಗನ್. ಬೆಂಕಿ ಉಗುಳುವ ಫ್ಲೇಮರ್ ಇದ್ದರೆ ಓರ್ಕ್‌ಗಳ ಅಂಥದ್ದೇ ಗನ್ ಬರ್ನಾಗೆ. ಮಿಸೈಲ್ ಲಾಂಚರ್ ಇದ್ದರೆ ರಾಕಿಟ್‌ಗೆ. ಮಾಡಬಾರದ್ದು ಏನು ಅಂದರೆ ಮೆಲ್ಟಾ ಗನ್ ತಂದು ಇದು ನನ್ನ ರಾಕಿಟ್ ಅನ್ನೋದು. ಎರಡೂ ಟ್ಯಾಂಕಿಗೇ ಆದರೂ, ತುದಿಯಲ್ಲಿ ತೂತುಗಳಿರುವ ಆ ದಪ್ಪ ನಳಿಗೆ ಕಂಡ ತಕ್ಷಣ ಮರೀನ್ ಆಡುವವರ ತಲೆಯಲ್ಲಿ 12 ಇಂಚು ಅಂತ ಬರುತ್ತದೆ. ಅವರು 15 ಇಂಚಿನಲ್ಲಿ ಟ್ಯಾಂಕ್ ನಿಲ್ಲಿಸುತ್ತಾರೆ, ನೀವು 24 ಇಂಚು ಹೊಡೆಯುತ್ತೀರಿ. ನೀವು ಬೇಕಂತ ಮಾಡಿಲ್ಲದಿದ್ದರೂ ಅವರಿಗೆ ಬೇಜಾರಾಗೇ ಆಗುತ್ತದೆ.

ಬಣ್ಣ ಹಚ್ಚೋಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಇಡೀ ಗುಂಪಿಗೆ ಬೂದು ಪ್ರೈಮರ್ ಹೊಡೆದು ನೆಲದ ಮೇಲಿಟ್ಟು ನಿಂತು ನೋಡಿ. ಆಟ ಗೊತ್ತಿಲ್ಲದ ಮನೆಯವರನ್ನು ಕರೆದು "ಇದರಲ್ಲಿ ರಾಕೆಟ್ ಯಾರ ಹತ್ತಿರ ಇದೆ?" ಅಂತ ಕೇಳಿ. ಥಟ್ಟನೆ ಬೆರಳು ತೋರಿಸಿದರೆ ಆಯಿತು, ಬಗ್ಗಿ ನೋಡಿದರೆ ಇನ್ನೂ ಕೆಲಸ ಇದೆ.

ಬ್ರೆನ್_ಹಿಡಿದವ:

ನಾನು ಓರ್ಕ್ ಆಡುವವನಲ್ಲ, ಬೋಲ್ಟ್ ಆಕ್ಷನ್ ಆಡುತ್ತೇನೆ, ಎರಡನೇ ಮಹಾಯುದ್ಧದ 28 ಮಿ.ಮೀ. ಗೊಂಬೆಗಳು. ನಮ್ಮಲ್ಲೂ ಇದೇ ಕಷ್ಟ, ಸ್ವಲ್ಪ ಬೇರೆ ರೀತಿ. ನಮಗೆ ಗನ್‌ನ ಆಕಾರ ಬದಲಿಸುವ ಸ್ವಾತಂತ್ರ್ಯ ಇಲ್ಲ, ನಿಜವಾದ ಆಯುಧ ಹೇಗಿತ್ತೋ ಹಾಗೇ ಇರಬೇಕು. ಹಾಗಾಗಿ ಪ್ರತಿ ಗನ್‌ನಲ್ಲಿ ದೂರದಿಂದ ಕಾಣುವ ಒಂದು ಅಂಶ ಯಾವುದು ಅಂತ ಹುಡುಕಿಕೊಳ್ಳೋದು ನಮಗೆ ಅಭ್ಯಾಸ ಆಗಿಬಿಟ್ಟಿದೆ. ಬ್ರೆನ್ ಗನ್ ಅಂದರೆ ಮೇಲೆ ನಿಂತಿರುವ ಬಾಗಿದ ಮ್ಯಾಗಜಿನ್. ಸ್ಟೆನ್ ಅಂದರೆ ಎಡಗಡೆಗೆ ಅಡ್ಡ ಚಾಚಿದ ಮ್ಯಾಗಜಿನ್. ರಷ್ಯಾದವರ ಪಿಪಿಎಸ್‌ಎಚ್ ಅಂದರೆ ದುಂಡು ಡ್ರಮ್. ಪಾಂಜರ್‌ಫೌಸ್ಟ್ ಅಂದರೆ ಕೋಲಿನ ತುದಿಯ ದಪ್ಪ ಗಡ್ಡೆ. ಇದಿಷ್ಟು ಸರಿಯಾಗಿ ಬಂದರೆ ಉಳಿದದ್ದು ಮಸುಕಾಗಿದ್ದರೂ ನಡೆಯುತ್ತದೆ.

ಜಾಸ್ತಿ ಗೋಜಲು ಆಗೋದು ಜರ್ಮನ್ ಎಂಪಿ40 ಮತ್ತು ಎಸ್‌ಟಿಜಿ44 ನಡುವೆ. ಎರಡಕ್ಕೂ ಮ್ಯಾಗಜಿನ್ ಕೆಳಗೆ ಇಳಿದಿರುತ್ತದೆ. ಆಟದಲ್ಲಿ ಮೊದಲನೆಯದು 12 ಇಂಚು, ಎರಡನೆಯದು 18 ಇಂಚು, ಆ ಆರು ಇಂಚಿನಲ್ಲಿ ಒಂದು ತುಕಡಿ ಉಳಿಯಬಹುದು, ಹೋಗಬಹುದು. ಮ್ಯಾಗಜಿನ್‌ನ ಬಾಗು ಈ ಅಳತೆಯಲ್ಲಿ ಒಂದು ಕೂದಲಿನಷ್ಟು, ಮೂರು ಅಡಿಯಿಂದ ಕಾಣೋದೇ ಇಲ್ಲ. ಅದಕ್ಕೆ ನಾನು ನಿಲುವಿನಲ್ಲಿ ವ್ಯತ್ಯಾಸ ಮಾಡುತ್ತೇನೆ. ಎಂಪಿ40 ಇರುವವರೆಲ್ಲ ಸೊಂಟದ ಹತ್ತಿರ ಹಿಡಿದಿರುತ್ತಾರೆ, ಎಸ್‌ಟಿಜಿ ಇರುವವರೆಲ್ಲ ಭುಜಕ್ಕಿಟ್ಟು ಗುರಿ ಹಿಡಿದಿರುತ್ತಾರೆ. ಎಸ್‌ಟಿಜಿಯ ಮರದ ಹಿಡಿಗೆ ತಿಳಿ ಕಂದು ಬಣ್ಣ, ಎಂಪಿ40 ಪೂರ್ತಿ ಕಪ್ಪು. ಮೆಕ್_ಮಾಮ ಹೇಳಿದ ಗುರುತಿನ ಮಾತಿಗೆ ನನ್ನ ಕಡೆಯಿಂದ ಸೇರಿಸೋದು ಇದೊಂದೇ: ಗನ್‌ನಲ್ಲಿ ಜಾಗ ಇಲ್ಲದಿದ್ದರೆ ದೇಹದಲ್ಲಿ ಗುರುತು ಇಡಿ.

ಇನ್ನೊಂದು ವಿಷಯ, ಇದು ನನಗೆ ತುಂಬಾ ಹತ್ತಿರದ್ದು. ನನ್ನದು ಉತ್ತರ ಆಫ್ರಿಕಾದ ನಾಲ್ಕನೇ ಇಂಡಿಯನ್ ಡಿವಿಷನ್. ಬ್ರಿಟಿಷ್ ಇಂಡಿಯನ್ ಸೈನ್ಯ 1933ರಲ್ಲಿ ತೆಗೆದುಕೊಂಡ ಲೈಟ್ ಮೆಷಿನ್ ಗನ್ ವಿಕರ್ಸ್-ಬರ್ತಿಯೆ, ಇಶಾಪುರದ ಕಾರ್ಖಾನೆಯಲ್ಲೇ ತಯಾರಾಗುತ್ತಿತ್ತು. ಅದಕ್ಕೂ ಬ್ರೆನ್ ತರವೇ ಮೇಲೆ ಬಾಗಿದ ಮ್ಯಾಗಜಿನ್. ಇತಿಹಾಸದ ಪ್ರೀತಿಯಿಂದ ನಾನು ಕೆಲವು ಗೊಂಬೆಗಳಿಗೆ ಬ್ರೆನ್ ಕೆತ್ತಿ ವಿಕರ್ಸ್-ಬರ್ತಿಯೆ ಮಾಡಿದ್ದೇನೆ, ಆದರೆ ಎದುರಿಗಿರುವವರು ಅದನ್ನು ಬ್ರೆನ್ ಅಂದುಕೊಂಡರೆ ಏನೂ ನಷ್ಟ ಇಲ್ಲ, ಆಟದಲ್ಲಿ ಎರಡೂ ಲೈಟ್ ಮೆಷಿನ್ ಗನ್ನೇ. ಅಂದರೆ ನೀವು ಎದುರಿನವರಿಗೆ ತಿಳಿಸಬೇಕಾದ್ದು ಆಟ ಬೇರೆ ಮಾಡುವ ವ್ಯತ್ಯಾಸಗಳನ್ನು ಮಾತ್ರ. ನಿಮ್ಮ ಹತ್ತು ಶೂಟಾಗಳು ಹತ್ತು ತರ ಇರಲಿ, ಅಲ್ಲಿ ಮನಸ್ಸು ಬಿಚ್ಚಿ ಆಟವಾಡಿ. ಶೂಟಾ ಮತ್ತು ಬಿಗ್ ಶೂಟಾ ನಡುವೆ ಮಾತ್ರ ಬಿಗಿ ಇರಲಿ.

ತುಕ್ಕು_ಕೊಡಲಿ:

ಇಬ್ಬರಿಗೂ ತುಂಬಾ ಧನ್ಯವಾದ. ಮೇಲಿನಿಂದ ಕಾಣೋದು ಅನ್ನೋ ಮಾತು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹೆವಿ ಬೋಲ್ಟರ್ ಲೆಕ್ಕ ಕೂಡ ಚೆನ್ನಾಗಿದೆ, ಡಬ್ಬಿಯಲ್ಲಿ ಅವು ಬೇಕಾದಷ್ಟಿವೆ.

ಇನ್ನೆರಡು ಕೇಳಲಾ? ಒಂದು, ಮುಂದೆ ಡೆಫ್ ಡ್ರೆಡ್ ಅನ್ನೋ ನಡೆಯುವ ಯುದ್ಧಯಂತ್ರ ಕಟ್ಟಬೇಕು. ಅದರ ಕೈಗಳಿಗೆ ಕ್ಲಾ, ಗರಗಸ, ಬಿಗ್ ಶೂಟಾ, ರಾಕಿಟ್, ಸ್ಕೋರ್ಚಾ (ಬೆಂಕಿ ಉಗುಳುವ ಗನ್) ಎಲ್ಲಾ ಹಾಕಬಹುದು. ಆಯಸ್ಕಾಂತ ಹಾಕಿ ಬದಲಾಯಿಸುವ ಹಾಗೆ ಮಾಡೋದು ಒಳ್ಳೆಯದಾ? ಎರಡು, ಲೂಟಾಸ್ ಅನ್ನೋ ಓರ್ಕ್ ಗುಂಪು. ಅವರ ಡೆಫ್‌ಗನ್‌ಗಳು ಮೊದಲೇ ಲೂಟಿ ಮಾಡಿದ ಗನ್‌ಗಳು, ಒಂದರ ಹಾಗೆ ಇನ್ನೊಂದಿಲ್ಲ. ಅಲ್ಲಿ ಗುರುತು ಅಂತ ಏನು ಇಡೋದು?

ಆಯಸ್ಕಾಂತ_ಮೈಸೂರು:

ಡೆಫ್ ಡ್ರೆಡ್‌ಗೆ ಆಯಸ್ಕಾಂತ ಖಂಡಿತ ಹಾಕಿ. ಬಾಯ್ಜ್‌ಗೆ ಬೇಡ. ಸಣ್ಣ ಗೊಂಬೆಯ ಮಣಿಕಟ್ಟಿನಲ್ಲಿ ತೂತು ಕೊರೆದು ಆಯಸ್ಕಾಂತ ಕೂರಿಸುವ ಹೊತ್ತಿಗೆ ಇನ್ನೊಂದು ಓರ್ಕ್ ಕಟ್ಟಿ ಮುಗಿಸಬಹುದು, ರಾಕಿಟ್ ಹಿಡಿದವನೊಬ್ಬ, ಬಿಗ್ ಶೂಟಾ ಹಿಡಿದವನೊಬ್ಬ ಅಂತ ಇಬ್ಬರನ್ನೇ ಇಟ್ಟುಕೊಳ್ಳಿ.

ಡ್ರೆಡ್‌ನ ಭುಜಕ್ಕೆ 5 ಮಿ.ಮೀ. ಅಗಲದ ನಿಯೋಡಿಮಿಯಂ ಆಯಸ್ಕಾಂತ ಸಾಕು, ಸಣ್ಣ ಭಾಗಕ್ಕೆ 3 ಮಿ.ಮೀ. ಕೈ ಡ್ರಿಲ್‌ನಲ್ಲಿ ಮೊದಲು 1 ಮಿ.ಮೀ. ಬಿಟ್ ಹಾಕಿ ಮಧ್ಯ ಹಿಡಿಯಿರಿ, ಆಮೇಲೆ ನಿಧಾನಕ್ಕೆ ದೊಡ್ಡ ಬಿಟ್. ಒಂದೇ ಸಲ ದೊಡ್ಡದು ಹಾಕಿದರೆ ಬಿಟ್ ಜಾರಿ ತೂತು ಓರೆಯಾಗುತ್ತದೆ. ಧ್ರುವದ ವಿಷಯದಲ್ಲಿ ನನ್ನ ಕ್ರಮ ಇದು: ದೇಹದ ಕಡೆ ಇರುವ ಎಲ್ಲಾ ಆಯಸ್ಕಾಂತಗಳೂ ಒಂದೇ ಮುಖ ಹೊರಗೆ. ಕಂಬವಾಗಿ ಜೋಡಿಸಿಟ್ಟ ಆಯಸ್ಕಾಂತಗಳ ಒಂದು ತುದಿಗೆ ಮಾರ್ಕರ್‌ನಲ್ಲಿ ಚುಕ್ಕೆ ಇಟ್ಟು, ಒಂದೊಂದನ್ನೇ ತೆಗೆದ ಹಾಗೆ ಮುಂದಿನದಕ್ಕೂ ಚುಕ್ಕೆ ಇಡಿ. ಚುಕ್ಕೆ ಇರುವ ಮುಖ ದೇಹದಲ್ಲಿ ಹೊರಗೆ, ಕೈಯಲ್ಲಿ ಒಳಗೆ. ಹೀಗೆ ಮಾಡಿದರೆ ಯಾವ ಕೈ ಯಾವ ಭುಜಕ್ಕಾದರೂ ಕೂರುತ್ತದೆ, ಮುಂದೆ ಕಟ್ಟುವ ಡ್ರೆಡ್‌ಗೂ ಅದೇ ಕೈಗಳು ಆಗುತ್ತವೆ.

ಸಾಮಾನು ಹೊರಗಿನಿಂದ ತರಿಸಬೇಕಾಗಿಲ್ಲ. ಆಯಸ್ಕಾಂತ ಕೂರಿಸೋಕೆ ಫೆವಿಕ್ವಿಕ್ ಸಾಕು, ಆದರೆ ಪ್ಲಾಸ್ಟಿಕ್‌ನಿಂದ ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಸಿಮೆಂಟೇ ಬೇಕು, ಅದು ಎರಡೂ ಮುಖ ಕರಗಿಸಿ ಬೆಸೆಯುತ್ತದೆ, ಆಟದಲ್ಲಿ ಬಿದ್ದರೂ ಕಿತ್ತು ಬರೋದಿಲ್ಲ. ಸಂದು ಮುಚ್ಚೋಕೆ, ತಗಡಿನ ತೇಪೆ, ಡ್ರಮ್, ರಾಕೆಟ್ ತಲೆ ಮಾಡೋಕೆ ಎಂ-ಸೀಲ್ ಚೆನ್ನಾಗಿರುತ್ತದೆ, ಒಣಗಿದ ಮೇಲೆ ಕಲ್ಲಿನ ತರ ಗಟ್ಟಿ, ಉಜ್ಜು ಕಾಗದದಲ್ಲಿ ಆಕಾರ ಕೊಡಬಹುದು. ಬಟ್ಟೆ, ಚರ್ಮ, ಬೆಲ್ಟ್ ಇಂಥ ಬಾಗುವ ಭಾಗಗಳಿಗೆ ಗ್ರೀನ್ ಸ್ಟಫ್ ಅನ್ನೋ ಪುಟ್ಟಿ ಮೇಲು. ಗಿಟಾರ್‌ನ ಸುತ್ತು ತಂತಿ ಬರ್ನಾ, ಸ್ಕೋರ್ಚಾಗಳ ಎಣ್ಣೆ ಪೈಪ್‌ಗೆ ಹೇಳಿ ಮಾಡಿಸಿದ ಹಾಗಿದೆ. ಅದನ್ನು ಬೆಂಕಿ ಆಯುಧಕ್ಕೆ ಮಾತ್ರ ಎತ್ತಿಡಿ. ಬೆನ್ನಿನ ಟ್ಯಾಂಕ್‌ನಿಂದ ಪೈಪ್ ಬಂದಿದೆ ಅಂದರೆ ಬೆಂಕಿ, ಇಲ್ಲ ಅಂದರೆ ಅಲ್ಲ. ಅದಕ್ಕಿಂತ ಸ್ಪಷ್ಟ ಗುರುತು ಬೇಡ.

ಇಷ್ಟೆಲ್ಲಾ ಆದಮೇಲೂ ಅನುಮಾನ ಇದ್ದರೆ ಬೇಸ್‌ನ ಹಿಂದಿನ ಅಂಚಿಗೆ ಒಂದು ಬಣ್ಣದ ಗೆರೆ ಎಳೆಯಿರಿ. ಕೆಂಪು ಇದ್ದರೆ ರಾಕಿಟ್, ಹಳದಿ ಇದ್ದರೆ ಬಿಗ್ ಶೂಟಾ.

ಟ್ರೆಂಟ್_ದಂಡೆ:

ನಾನು ಕೆಲಸದ ಮೇಲೆ ನಾಟಿಂಗ್‌ಹ್ಯಾಮ್‌ನಲ್ಲಿದ್ದೇನೆ, ವಾರ್‌ಹ್ಯಾಮರ್ ತಯಾರಿಸುವ ಗೇಮ್ಸ್ ವರ್ಕ್‌ಶಾಪ್‌ನ ಮುಖ್ಯ ಕಚೇರಿ ಇರುವ ಊರು, ಅವರ ಪ್ರದರ್ಶನ ಕೇಂದ್ರ ವಾರ್‌ಹ್ಯಾಮರ್ ವರ್ಲ್ಡ್ ಕೂಡ ಇಲ್ಲೇ. ಇಲ್ಲಿಯ ಅನುಭವದಿಂದ ಒಂದೆರಡು ಮಾತು ಸೇರಿಸುತ್ತೇನೆ.

ನಿಯಮ ಬದಲಾಗುತ್ತಲೇ ಇರುತ್ತದೆ, ಅದನ್ನು ನೋಡಿ ಗೊಂಬೆ ಕೊಯ್ಯಬೇಡಿ. 2012ರ 6ನೇ ಎಡಿಶನ್‌ನಲ್ಲಿ ಪವರ್ ವೆಪನ್ (ಕೈಯಲ್ಲಿ ಹಿಡಿದು ಹೊಡೆಯುವ ಆಯುಧ) ಅಂತ ಮಾತ್ರ ಬರೆದಿದ್ದರೆ ಗೊಂಬೆಯ ಕೈ ನೋಡಿ ತೀರ್ಮಾನಿಸಬೇಕಿತ್ತು. ಕತ್ತಿ ಇದ್ದರೆ ಒಂದು ಲೆಕ್ಕ, ಕೊಡಲಿ ಇದ್ದರೆ ಭಾರೀ ಕವಚ ಸೀಳುತ್ತಿತ್ತು ಆದರೆ ಕೊನೆಗೆ ಹೊಡೆಯಬೇಕಿತ್ತು, ಗದೆ ಇದ್ದರೆ ಇನ್ನೊಂದು ಲೆಕ್ಕ. ಆಗ ಎಷ್ಟೋ ಮಂದಿ ತಮ್ಮ ಸಾರ್ಜೆಂಟ್‌ಗಳ ಕೈ ಕೊಯ್ದು ಕೊಡಲಿ ಅಂಟಿಸಿದರು. 2023ರಲ್ಲಿ 10ನೇ ಎಡಿಶನ್ ಬಂತು, ಬಹಳ ಕಡೆ ಅದೆಲ್ಲ ಮತ್ತೆ ಒಂದೇ ಪವರ್ ವೆಪನ್ ಆಯಿತು. ಎರಡು ಗನ್ ಒಂದರಲ್ಲೇ ಸೇರಿಸಿದ ಕಾಂಬಿ-ಫ್ಲೇಮರ್, ಕಾಂಬಿ-ಮೆಲ್ಟಾ, ಕಾಂಬಿ-ಪ್ಲಾಸ್ಮಾ ಅಂತ ಮೂರು ಇದ್ದದ್ದು ಕಾಂಬಿ-ವೆಪನ್ ಅಂತ ಒಂದೇ ಆಯಿತು. ಬಹುತೇಕ ಆಯುಧಗಳಿಗೆ ಬೇರೆ ಪಾಯಿಂಟ್ ಕೂಡ ಹೋಯಿತು, ರಾಕಿಟ್ ಕೊಟ್ಟರೂ ಕೊಡದಿದ್ದರೂ ಗುಂಪಿನ ಬೆಲೆ ಒಂದೇ. ಹಾಗಾಗಿ ಈಗ ಯಾವುದು ಗೆಲ್ಲಿಸುತ್ತದೆ ಅಂತ ನೋಡಿ ಕಟ್ಟಿದರೆ ಮುಂದೆ ಬೇಸರವಾಗುತ್ತದೆ. ಯಾವ ಎಡಿಶನ್ ಬಂದರೂ ರಾಕಿಟ್ ರಾಕಿಟ್ ಆಗಿಯೇ ಕಾಣುವ ಹಾಗೆ ಕಟ್ಟಿ.

ಹಿಂದೆಲ್ಲ ಸೈನ್ಯದ ನಿಯಮಗಳಿರುವ ಕೋಡೆಕ್ಸ್ ಪುಸ್ತಕದಲ್ಲಿ ಇರುವ ಆಯುಧ ಪೆಟ್ಟಿಗೆಯಲ್ಲಿ ಇಲ್ಲದೇ ಹೋದರೆ ನಾವೇ ಮಾಡಿಕೊಳ್ಳಬೇಕಿತ್ತು, ಕನ್ವರ್ಶನ್ (ಗೊಂಬೆ ಮಾರ್ಪಡಿಸುವ) ಹವ್ಯಾಸದ ಅರ್ಧ ಮಂದಿ ಹಾಗೇ ಬಂದವರು. ಚಾಪ್ಟರ್‌ಹೌಸ್ ಸ್ಟುಡಿಯೋಸ್ ಅನ್ನೋ ಸಣ್ಣ ಕಂಪನಿ ಅಂಥ ಭಾಗಗಳನ್ನು ಮಾರುತ್ತಿತ್ತು, ಅದರ ಮೇಲೆ ಗೇಮ್ಸ್ ವರ್ಕ್‌ಶಾಪ್ ಅಮೆರಿಕದಲ್ಲಿ ಕೇಸ್ ಹಾಕಿ 2013ರಲ್ಲಿ ಜೂರಿ ತೀರ್ಪು ಬಂತು, ಕೆಲವು ಅಂಶ ಇವರ ಪರ, ಕೆಲವು ಅವರ ಪರ. ಅದಾದ ಮೇಲಿನ ವರ್ಷಗಳಲ್ಲಿ ಪೆಟ್ಟಿಗೆಯಲ್ಲಿ ಇಲ್ಲದ ಆಯುಧಕ್ಕೆ ನಿಯಮವೂ ಇಲ್ಲ ಅನ್ನೋ ಕಡೆ ಕಂಪನಿ ವಾಲಿದೆ, ಎರಡಕ್ಕೂ ಸಂಬಂಧ ಇದೆ ಅಂತ ಇಲ್ಲಿಯ ಹಳಬರು ಬಹಳ ಮಂದಿ ನಂಬುತ್ತಾರೆ. ನನಗೆ ಇದು ನೋವಿನ ವಿಷಯ, ಇರಲಿ.

ನೀವು ಮುಂದೆ ಯಾವತ್ತಾದರೂ ಕಂಪನಿಯ ಸ್ವಂತ ಟೂರ್ನಮೆಂಟ್‌ಗೆ ಬರೋದಾದರೆ ಒಂದು ನೆನಪಿಡಿ, ಅಲ್ಲಿ ಬೇರೆ ಕಂಪನಿಯ ಗೊಂಬೆ, 3ಡಿ ಪ್ರಿಂಟ್ ಭಾಗ ಒಪ್ಪೋದಿಲ್ಲ. ಅವರದೇ ಕಿಟ್‌ಗಳ ನಡುವೆ ಕಿಟ್‌ಬ್ಯಾಶ್ ಆದರೆ ತೊಂದರೆ ಇಲ್ಲ. ಯಾವ ಟೂರ್ನಮೆಂಟ್ ಆದರೂ ಮೊದಲೇ ಫೋಟೋ ಕಳಿಸಿ ಕೇಳಿಬಿಡಿ. ಮನೆಯ ಆಟದಲ್ಲೂ ಶುರುವಿನಲ್ಲಿ ಒಂದು ನಿಮಿಷ ತೆಗೆದುಕೊಂಡು "ಇವನದು ರಾಕಿಟ್, ಇವನದು ಬಿಗ್ ಶೂಟಾ, ಉಳಿದವರದ್ದೆಲ್ಲ ಸಾದಾ ಶೂಟಾ" ಅಂತ ಬೆರಳಿಟ್ಟು ತೋರಿಸೋದು ಮರ್ಯಾದೆ. ಕಟ್ಟಿದ್ದು ಚೆನ್ನಾಗಿದ್ದರೆ ಆ ಮಾತು ಅವರಿಗೆ ಒಂದೇ ಸಲ ಸಾಕು.

ಮೆಕ್_ಮಾಮ:

ಬೇಸ್ ಅಂಚಿನ ಗೆರೆ ಬಗ್ಗೆ ಆಯಸ್ಕಾಂತ_ಮೈಸೂರು ಅವರ ಮಾತು ನಾನು ಒಪ್ಪೋದಿಲ್ಲ. ಗೆರೆಯ ಅರ್ಥ ನಿಮಗೆ ಮಾತ್ರ ಗೊತ್ತು. ಕೆಂಪು ಅಂದರೆ ರಾಕಿಟ್ ಅಂತ ಎದುರಿನವರು ಬಾಯಿಪಾಠ ಮಾಡಬೇಕು, ಆಮೇಲೆ ಪ್ರತಿ ಸಲ ಗೊಂಬೆ ಬಿಟ್ಟು ಬೇಸ್ ನೋಡಬೇಕು. ಹಿಂದಿನ ಅಂಚಿನಲ್ಲಿ ಎಳೆದರೆ ಅದು ಕಾಣೋದು ನಿಮಗೇ ಹೊರತು ಅವರಿಗಲ್ಲ. ಅದೇ ಕೆಂಪನ್ನು ರಾಕೆಟ್ಟಿನ ತಲೆಗೆ ಹಚ್ಚಿ, ಆಗ ಬಣ್ಣವೂ ಆಕಾರವೂ ಒಂದೇ ಜಾಗದಲ್ಲಿ ಒಂದೇ ಮಾತು ಹೇಳುತ್ತವೆ. ಮೆಗಾ-ಬ್ಲಾಸ್ಟಾದ ಸುರುಳಿಗೆ ಹೊಳೆಯುವ ಹಸಿರು, ಬರ್ನಾ ತುದಿಗೆ ಮಸಿ, ಬಿಗ್ ಶೂಟಾದ ಗುಂಡಿನ ಬೆಲ್ಟ್‌ಗೆ ಹಿತ್ತಾಳೆ ಬಣ್ಣ. ಈ ಬಣ್ಣಗಳನ್ನು ಸೈನ್ಯದಲ್ಲಿ ಬೇರೆಲ್ಲೂ ಹಚ್ಚಬೇಡಿ, ಬಟ್ಟೆಗೂ ಬೇಡ.

ಲೂಟಾಸ್ ವಿಷಯ. ಆ ಕಿಟ್‌ನಲ್ಲಿ ಲೂಟಾಸ್ ಇಲ್ಲವೇ ಬರ್ನಾ ಬಾಯ್ಜ್, ಎರಡರಲ್ಲಿ ಒಂದು ಕಟ್ಟಬಹುದು, ಮೈಗಳು ಅವೇ. ಡೆಫ್‌ಗನ್ 48 ಇಂಚು ಹೊಡೆಯುತ್ತದೆ, ಬರ್ನಾ ಹತ್ತಿರ ಹೋದರೆ ಮಾತ್ರ. ಹಾಗಾಗಿ ಇಲ್ಲಿ ಒಬ್ಬೊಬ್ಬನ ಗನ್‌ಗಿಂತ ಇಡೀ ಗುಂಪಿನ ಗುರುತು ಮುಖ್ಯ. ಡೆಫ್‌ಗನ್‌ಗಳು ಒಂದೊಂದೂ ಬೇರೆ ಇರಲಿ, ಆದರೆ ಎಲ್ಲವೂ ಗೊಂಬೆಯ ಎತ್ತರಕ್ಕಿಂತ ಉದ್ದ ಇರಲಿ, ಎರಡು ಕೈಯಲ್ಲಿ ಹೊತ್ತ ಹಾಗಿರಲಿ. ಸೈನ್ಯದಲ್ಲಿ ಅಷ್ಟು ಉದ್ದದ ಗನ್ ಇನ್ಯಾರಿಗೂ ಕೊಡಬೇಡಿ. ನಿಮ್ಮ ಡಬ್ಬಿಯಲ್ಲಿ ಲ್ಯಾಸ್‌ಕ್ಯಾನನ್ ಇದ್ದರೆ ಇಲ್ಲಿಗೇ ಹಾಕಿ, ಅದೂ 48 ಇಂಚಿನ ಗನ್ನೇ. ಆದರೆ ಪೂರ್ತಿ ಲ್ಯಾಸ್‌ಕ್ಯಾನನ್ ಆಗಿ ಉಳಿಯದ ಹಾಗೆ ತುದಿ ಕೊಯ್ದು ಎರಡು ಮೂರು ನಳಿಗೆ ಸೇರಿಸಿ, ಯಾಕೆಂದರೆ ಡೆಫ್‌ಗನ್ ಗುಂಡಿನ ಮಳೆ ಸುರಿಸುವ ಗನ್, ಒಂದೇ ಹೊಡೆತದ್ದಲ್ಲ.

ಆಯಸ್ಕಾಂತ_ಮೈಸೂರು:

ಮೆಕ್_ಮಾಮ, ಒಪ್ಪಿಕೊಳ್ಳುತ್ತೇನೆ, ರಾಕೆಟ್ ತಲೆಗೇ ಕೆಂಪು ಹಚ್ಚೋದು ಮೇಲು. ಗೆರೆ ಬೇಕಾಗೋದು ಎರಡು ಬಾಯ್ಜ್ ಗುಂಪುಗಳು ಮೇಜಿನ ಮೇಲೆ ಬೆರೆತುಹೋದಾಗ ಯಾರು ಯಾವ ಗುಂಪು ಅಂತ ತಿಳಿಯೋಕೆ. ಅದಕ್ಕೆ ಇಟ್ಟುಕೊಳ್ಳಿ.

ತುಕ್ಕು_ಕೊಡಲಿ:

ಹಾಗಾದರೆ ಹೀಗೆ ಮಾಡುತ್ತೇನೆ. ಮೊದಲು ಇಪ್ಪತ್ತು ಬಾಯ್ಜ್, ಒಂದು ರಾಕಿಟ್, ಒಂದು ಬಿಗ್ ಶೂಟಾ, ಗುಂಪಿನ ನಾಯಕ ನಾಬ್‌ಗೆ ಪವರ್ ಕ್ಲಾ ಮೇಲಕ್ಕೆ ಎತ್ತಿ ಹಿಡಿದ ಹಾಗೆ. ಗಡಿಯಾರದ ಚಕ್ರಗಳನ್ನು ಡ್ರೆಡ್‌ನ ಗರಗಸಕ್ಕೆ ಅಂತ ಎತ್ತಿಡುತ್ತೇನೆ. ಬೂದು ಪ್ರೈಮರ್ ಹೊಡೆದ ಮೇಲೆ ನಿಂತ ಎತ್ತರದಿಂದ ತೆಗೆದ ಫೋಟೋ ಇಲ್ಲಿ ಹಾಕುತ್ತೇನೆ, ಹೆಸರು ಬರೆಯೋದಿಲ್ಲ. ಯಾವುದು ಯಾವುದು ಅಂತ ನೀವೇ ಹೇಳಬೇಕು.